‘ಕಲ್’ ಅಂದರೆ ನಿನ್ನೆಯೋ, ನಾಳೆಯೋ?

ಪರಭಾಷೆಯ ಮನೆಗೆ ಮಗಳನ್ನು ಕೊಟ್ಟ ತಾಯಂದಿರು ನಿಮ್ಮಲ್ಲೂ ಹಲವರು ಇರಬಹುದು. ನನ್ನ ಪಾಡು ಕೇಳಿ ನಕ್ಕರೂ ಚಿಂತೆಯಿಲ್ಲ, ಅದರಿಂದ ನಾನು ಕಲಿತ ಪಾಠ ಮಾತ್ರ ಮರೆಯಬೇಡಿ.

ನನ್ನ ಮಗಳು ಭೋಪಾಲದಲ್ಲಿದ್ದಾಳೆ. ಅವಳು ಎಂಟು ತಿಂಗಳ ಬಸುರಿಯಾಗಿದ್ದಾಗ ಒಂದು ಮಧ್ಯಾಹ್ನ ಬೀಗಿತ್ತಿಯ ಫೋನು ಬಂತು. ಆಕೆಗೆ ಕನ್ನಡ ಬಾರದು. ನಾನೋ, ಹುಡುಗಿಯಾಗಿದ್ದಾಗ ಹಿಂದಿ ಪರೀಕ್ಷೆ ಪಾಸು ಮಾಡಿದ ಜಂಬದವಳು. “ಕಲ್ ಉಸೇ ಅಸ್ಪತಾಲ್ ಲೇ ಗಯೇ” ಎಂದರು ಆಕೆ, ಗಡಿಬಿಡಿಯಲ್ಲಿ. ನನಗೆ ‘ಕಲ್’ ಕೇಳಿಸಿತು, ‘ಅಸ್ಪತಾಲ್’ ಕೇಳಿಸಿತು. ನಾಳೆ ತಪಾಸಣೆಗೆ ಕರಕೊಂಡು ಹೋಗ್ತಾರೆ ಅಂದುಕೊಂಡೆ. “ಅಚ್ಛಾ, ಅಚ್ಛಾ” ಎಂದು ನಗುತ್ತಲೇ ಫೋನಿಟ್ಟು, ಬಾಣಂತನಕ್ಕೆ ಒಯ್ಯಬೇಕಾದ ಅಂಟಿನುಂಡೆಗೆ ಒಣಕೊಬ್ಬರಿ ತುರಿಯುತ್ತ ಕುಳಿತೆ.

ಮರುದಿನ ರಾತ್ರಿ ಮಗಳೇ ಮಾತಾಡಿದಳು. “ಅಮ್ಮ, ಬಿ.ಪಿ. ಏರಿ ಮೊನ್ನೆಯಿಂದ ಆಸ್ಪತ್ರೇಲಿದೀನಿ. ನೀನು ಒಂದು ಫೋನೂ ಮಾಡಲಿಲ್ಲವಲ್ಲ?” ನನ್ನ ಜಂಘಾಬಲವೇ ಉಡುಗಿಹೋಯಿತು. ಇವಳೆಂಥ ತಾಯಿ ಎಂದು ಬೀಗಿತ್ತಿಯೂ ನೊಂದುಕೊಂಡಿದ್ದರಂತೆ. ದೇವರ ದಯೆ, ಮುಂದೆ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಆ ಎರಡು ದಿನ ಮಗಳು ಕಾದದ್ದು ಕಾದದ್ದೇ ತಾನೆ?

ಹಿಂದಿಯಲ್ಲಿ ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ‘ಪರ್‌ಸೋಂ’ ಎಂದರೆ ಮೊನ್ನೆ, ನಾಡಿದ್ದು ಎರಡೂ. ಯಾವುದೆಂದು ಹೇಳುವುದು ಕ್ರಿಯಾಪದ. ನಮ್ಮ ಕಿವಿಗೆ ಈ ಅಭ್ಯಾಸವಿಲ್ಲ. ನಾವು ‘ದಿನಾ ಬರ್ತೀನಿ’ ಅನ್ನುತ್ತೇವೆ, ‘ನಾಳೆ ಬರ್ತೀನಿ’ ಅಂತಲೂ ಅನ್ನುತ್ತೇವೆ. ‘ಬರ್ತೀನಿ’ ಬದಲಾಗುವುದಿಲ್ಲ. ಅದಕ್ಕೇ ನಾವು ದಿನದ ಮಾತನ್ನು ಹಿಡಿದು, ಕ್ರಿಯಾಪದವನ್ನು ಅರ್ಧಂಬರ್ಧ ಕೇಳಿ ಬಿಡುತ್ತೇವೆ. ಪುಸ್ತಕದಲ್ಲಿ ಕಾಲಗಳ ಪಟ್ಟಿಯನ್ನು ಉರು ಹೊಡೆದಿದ್ದ ನಾನೂ ಎಡವಿದ್ದು ಇಲ್ಲೇ.

ಆಮೇಲೆ ಕಿವಿಯನ್ನು ಹೀಗೆ ಪಳಗಿಸಿಕೊಂಡೆ. ನೀವೂ ಮಾಡಿ ನೋಡಿ.

ಮೊದಲು, ವಾಕ್ಯದ ಬಾಲ ಹಿಡಿಯಿರಿ. ಕೊನೆಯಲ್ಲಿ ಗಾ, ಗೀ, ಗೇ ಬಂದರೆ ಸಾಮಾನ್ಯವಾಗಿ ಮುಂದಾಗುವ ಮಾತು: ಜಾಯೇಗಾ, ಜಾಯೇಗೀ, ಜಾಯೇಂಗೇ. ಥಾ, ಥೀ, ಥೇ ಬಂದರೆ ಹಿಂದಿನದು. ‘ಆತೀ ಹೈ’ ಎಂದರೆ ಬರುತ್ತಾಳೆ, ‘ಆಯೀ ಹೈ’ ಎಂದರೆ ಬಂದಿದ್ದಾಳೆ. ನಡುವಿನ ಒಂದು ‘ತ’ಕಾರದಲ್ಲೇ ಎಲ್ಲಾ ಇದೆ. ನನ್ನನ್ನು ಕೆಡವಿದ ‘ಗಯೇ’ಯಲ್ಲಿ ಗಕಾರ ಮೊದಲಿಗಿದೆ, ‘ಜಾಯೇಂಗೇ’ಯಲ್ಲಿ ಕೊನೆಗಿದೆ. ಕರ್ತೃವಿನ ಬೆನ್ನಿಗೇ ‘ನೇ’ ಕೇಳಿಸಿದರೆ, ಉದಾಹರಣೆಗೆ ‘ಮಾಂ ನೇ ರೋಟೀ ಬನಾಯೀ’, ಕೆಲಸ ಆಗಿಹೋಗಿದೆ ಎಂಬ ಮುನ್ಸೂಚನೆ.

ಎರಡನೆಯದು, ಹಿಂದಿಯ ಅಡುಗೆ ಕಾರ್ಯಕ್ರಮ ನೋಡಿ. ‘ಅಬ್ ಪ್ಯಾಜ್ ಡಾಲೇಂಗೇ’ ಅಂದಾಗ ಈರುಳ್ಳಿ ಇನ್ನೂ ತಟ್ಟೆಯಲ್ಲಿರುತ್ತದೆ. ‘ಪ್ಯಾಜ್ ಭುನ್ ರಹಾ ಹೈ’ ಅಂದಾಗ ಬಾಣಲೆಯಲ್ಲಿ ಬಾಡುತ್ತಿರುತ್ತದೆ. ‘ಭುನ್ ಗಯಾ’ ಅಂದಾಗ ಕೆಂಪಗಾಗಿರುತ್ತದೆ. ಮೂರು ಕಾಲವೂ ಒಂದೇ ಒಲೆಯ ಮೇಲೆ! ಕಿವಿ ಕೇಳಿದ್ದಕ್ಕೆ ಕಣ್ಣೇ ಸಾಕ್ಷಿ. ಒಮ್ಮೆ ಕಣ್ಣು ಮುಚ್ಚಿ ಕೇಳಿ, ಆಮೇಲೆ ತೆರೆದು ತಾಳೆ ನೋಡಿ.

ಮೂರನೆಯದು, ರೇಡಿಯೋದ ಹಿಂದಿ ವಾರ್ತೆ. ನಡೆದುಹೋದ ಸುದ್ದಿಯಲ್ಲಿ ಭೂತಕಾಲ ಹೆಚ್ಚು, ಹವಾಮಾನದ ಮುನ್ಸೂಚನೆಯಲ್ಲಿ ಭವಿಷ್ಯ. ತರಕಾರಿ ಹೆಚ್ಚುತ್ತಲೇ ‘ಆಯಿತೋ, ಆಗುವುದೋ’ ಎಂದಷ್ಟೇ ನಿಮ್ಮನ್ನು ಕೇಳಿಕೊಳ್ಳಿ. ಪ್ರತಿ ಶಬ್ದದ ಅರ್ಥಕ್ಕೆ ಹೆಣಗಬೇಡಿ. ದಿನಕ್ಕೆ ಹತ್ತು ನಿಮಿಷ ಸಾಕು.

ಕೊನೆಯ ಮಾತು, ಅನುಮಾನ ಬಂದರೆ ಸಂಕೋಚ ಬಿಟ್ಟು ತಿರುಗಿ ಕೇಳಿ. ಈಗ ಬೀಗಿತ್ತಿ ‘ಕಲ್’ ಎಂದ ಕೂಡಲೇ ನಾನು “ಲೇ ಗಯೇ, ಯಾ ಲೇ ಜಾಯೇಂಗೇ?” ಎನ್ನುತ್ತೇನೆ. ಅವರು ನಗುತ್ತಾರೆ. ನಿಧಾನವಾಗಿ, ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳುತ್ತಾರೆ. ‘ಅಚ್ಛಾ, ಅಚ್ಛಾ’ ಎಂದು ಅರ್ಥವಾದಂತೆ ನಟಿಸಿದ್ದಕ್ಕೆ ನಾನು ತೆತ್ತ ಬೆಲೆ ನಿಮಗೆ ಬೇಡ, ಸೋದರಿಯರೇ.