ಎದೆಯ ಭಾರ ಇಳಿಸಿಕೊಂಡ ಮೇಲೆ

ಹೈಸ್ಕೂಲು ಸೇರಿದ ವಯಸ್ಸಿನಿಂದಲೇ ನಾನು ಬೆನ್ನು ಬಾಗಿಸಿ ನಡೆದವಳು. ಎದೆ ಎದ್ದು ಕಾಣಬಾರದೆಂದು ವೇಲನ್ನು ಅಗಲಕ್ಕೆ ಹರಡಿಕೊಂಡು, ಪುಸ್ತಕ ಅಪ್ಪಿಕೊಂಡು, ಹೆಗಲು ಮುಂದಕ್ಕೆ ತಂದು ನಡೆಯುವುದೇ ಅಭ್ಯಾಸವಾಯಿತು. ಮದುವೆ, ಇಬ್ಬರು ಮಕ್ಕಳು, ಶಿವಮೊಗ್ಗದ ಶಾಲೆಯೊಂದರಲ್ಲಿ ಗಣಿತ ಟೀಚರ್ ಕೆಲಸ. ದಿನವಿಡೀ ನಿಂತು, ಕೈ ಎತ್ತಿ ಬೋರ್ಡಿನ ಮೇಲೆ ಬರೆಯಬೇಕು. ಸಂಜೆ ಮನೆಗೆ ಬಂದರೆ ಕತ್ತಿನಿಂದ ಬೆನ್ನಿನ ನಡುವಿನವರೆಗೆ ಕಿತ್ತು ತಿನ್ನುವ ನೋವು. ಎರಡೂ ಹೆಗಲ ಮೇಲೆ ಬ್ರಾ ಪಟ್ಟಿ ಕೊರೆದು ಬೆರಳು ಕೂರುವಷ್ಟು ಹಳ್ಳ ಬಿದ್ದಿತ್ತು. ಬೇಸಿಗೆಯಲ್ಲಂತೂ ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು, ಚರ್ಮ ಬೆಂದು ಕೆಂಪಾಗಿ ನಾರುತ್ತಿತ್ತು. ಹಳೇ ಹತ್ತಿ ಸೀರೆಯ ತುಂಡು ಮಡಿಸಿ ಅಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆ.

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ ಫಿಸಿಯೋಥೆರಪಿ ಬರೆದರು. ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ಎಲ್ಲರೂ ಹೇಳಿದ ಇನ್ನೊಂದು ಮಾತು, ತೂಕ ಇಳಿಸಿ. ಇಳಿಸಿದೆ. ಮುಖ ಇಳಿಯಿತು, ಎದೆ ಇಳಿಯಲಿಲ್ಲ.

ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ ಇದೆ ಎಂದು ಕೊನೆಗೆ ತಿಳಿಸಿದವಳು ಫಿಸಿಯೋಥೆರಪಿ ಮಾಡುತ್ತಿದ್ದ ಹುಡುಗಿ. ಮನೆಯಲ್ಲಿ ವಿಷಯ ಎತ್ತಿದೆ. "ದೇವರು ಕೊಟ್ಟಿದ್ದನ್ನ ಯಾರಾದ್ರೂ ಕೊಯ್ಸ್ಕೊಳ್ತಾರೇನೇ?" ಎಂದರು ಅತ್ತೆ. ನನ್ನವರು ಏನೂ ಹೇಳಲಿಲ್ಲ, ಬೆಂಗಳೂರಿಗೆ ರೈಲು ಟಿಕೆಟ್ ಮಾಡಿಸಿದರು. ಅವರ ರೀತಿಯೇ ಅದು.

ಕಾಸ್ಮೆಟಿಕ್ ಎಂಬ ಬೋರ್ಡು ಈಗ ಗಲ್ಲಿಗಲ್ಲಿಯಲ್ಲೂ ಇದೆ. ಈ ಕೆಲಸಕ್ಕೆ ಬೇಕಾದವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಮಾಡಿದ ಸರ್ಜನ್. ಡಾಕ್ಟರ ಪದವಿ ಕೇಳಲು ನಮಗೆ ಸಂಕೋಚ, ಆದರೆ ಕೇಳಲೇಬೇಕು. ನನಗೆ ಸಿಕ್ಕವರ ಕೈಚಳಕದ ಬಗ್ಗೆ ನನ್ನ ದೂರಿಲ್ಲ, ದೂರು ಇರುವುದು ಅವರ ಬಾಯಿಯ ಬಗ್ಗೆ. ನಲವತ್ತು ದಾಟಿದ್ದರಿಂದ ಮೊದಲು ಮ್ಯಾಮೋಗ್ರಾಮ್ ಮಾಡಿಸಿದರು, ಸಕ್ಕರೆ, ರಕ್ತ ನೋಡಿದರು, ಆಸ್ಪಿರಿನ್ ತರಹದ ಮಾತ್ರೆ ನುಂಗುತ್ತೀರಾ ಎಂದು ಕೇಳಿದರು. ಮುಂದೆ ಏನೇನಾಗಬಹುದು ಎಂದು ಕೇಳಿದಾಗ ಮಾತ್ರ "ಏನೂ ಆಗಲ್ಲ ಬಿಡಿ ಮೇಡಂ" ಎಂದು ನಕ್ಕರು.

ಆಪರೇಷನ್ ದಿನ ಬೆಳಿಗ್ಗೆ ಸೊಂಟದ ಮೇಲೆ ಬಟ್ಟೆಯಿಲ್ಲದೆ ನಿಲ್ಲಬೇಕು, ಫೋಟೋ ತೆಗೆಯುತ್ತಾರೆ ಎಂಬುದೂ ಗೊತ್ತಿರಲಿಲ್ಲ. ನಿಂತಿರುವಾಗಲೇ ಗುರುತು ಹಾಕಬೇಕು, ಮಲಗಿದರೆ ಎದೆಯ ಆಕಾರ ಬದಲಾಗುತ್ತದೆ. ಕತ್ತಿನ ಕುಳಿಯಿಂದ ಮೊಲೆತೊಟ್ಟಿನವರೆಗೆ ಟೇಪು ಹಿಡಿದು ಅಳೆದರು, ಮಾರ್ಕರ್ ಪೆನ್ನಿನಲ್ಲಿ ನೇರಗೆರೆ, ಕಮಾನು, ಎಡಕ್ಕೊಂದು ಬಿಂದು, ಬಲಕ್ಕೊಂದು ಬಿಂದು. ಮಕ್ಕಳಿಗೆ ರೇಖಾಗಣಿತ ಕಲಿಸುವವಳು ನಾನು. ನನ್ನ ಮೈಮೇಲೇ ಅದನ್ನು ಬರೆಯುವಾಗ ನಾಚಿಕೆಗಿಂತ ಹೆಚ್ಚಾಗಿ ಗೆರೆ ಸಮ ಬಿತ್ತೇ ಎಂದು ನೋಡುವ ಚಟವೇ ಮೇಲಾಯಿತು. ಪಕ್ಕದಲ್ಲಿ ಒಬ್ಬ ನರ್ಸ್ ಇದ್ದರು. ಇಲ್ಲದಿದ್ದರೆ ಕರೆಸಿ ಎಂದು ಕೇಳುವ ಹಕ್ಕು ನಿಮಗಿದೆ.

ಪೂರ್ತಿ ಅರಿವಳಿಕೆ ಕೊಟ್ಟು ಮೂರ್ನಾಲ್ಕು ಗಂಟೆ ಮಾಡುವ ಕೆಲಸ ಇದು. ದೊಡ್ಡ ಎದೆಗೆ ಸಾಮಾನ್ಯವಾಗಿ ಲಂಗರಿನ ಆಕಾರದಲ್ಲಿ ಕೊಯ್ಯುತ್ತಾರೆ. ತೊಟ್ಟಿನ ಸುತ್ತ ಒಂದು ವೃತ್ತ, ಅಲ್ಲಿಂದ ಕೆಳಕ್ಕೊಂದು ಗೆರೆ, ಅಡಿಯ ಮಡಿಕೆಯುದ್ದಕ್ಕೂ ಇನ್ನೊಂದು. ತೊಟ್ಟನ್ನು ಕತ್ತರಿಸಿ ತೆಗೆಯುವುದಿಲ್ಲ, ರಕ್ತನಾಳವಿರುವ ಮಾಂಸದ ಜೊತೆಗೇ ಮೇಲಕ್ಕೆ ಸರಿಸುತ್ತಾರೆ. ತೀರಾ ಜೋಲುಬಿದ್ದ ಎದೆಗಾದರೆ ಕೆಲವೊಮ್ಮೆ ಬಿಡಿಸಿ ಮತ್ತೆ ಕೂರಿಸಬೇಕಾಗುತ್ತದೆ. ಆಗ ಅಲ್ಲಿನ ಸ್ಪರ್ಶವೂ, ಹಾಲೂಡಿಸುವ ಸಾಧ್ಯತೆಯೂ ಹೋದಂತೆಯೇ. ತೆಗೆದ ಮಾಂಸವನ್ನು ಕ್ಯಾನ್ಸರ್ ಇದೆಯೇ ನೋಡಲು ಲ್ಯಾಬಿಗೆ ಕಳಿಸುತ್ತಾರೆ. ಆ ವರದಿ ಕೇಳಿ ಪಡೆಯಿರಿ. ನನ್ನಿಂದ ತೆಗೆದದ್ದು ಎರಡೂ ಕಡೆ ಸೇರಿ ಒಂದು ಕೆಜಿಗೂ ಮೀರಿತ್ತು.

ಎಚ್ಚರವಾದಾಗ ಎರಡೂ ಪಕ್ಕದಲ್ಲಿ ಟ್ಯೂಬು, ಅದರ ತುದಿಗೆ ಕೆಂಪು ನೀರು ತುಂಬುವ ಪುಟ್ಟ ಬಾಟಲಿ. ನೋವು ನಾನು ಹೆದರಿದಷ್ಟು ಇರಲಿಲ್ಲ, ಬಿಗಿತವೇ ಹೆಚ್ಚು. ಟ್ಯೂಬು ತೆಗೆಯುವವರೆಗೆ ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ದಿಂಬು ಎತ್ತರಿಸಿಕೊಂಡು ಅಂಗಾತ ಮಲಗಬೇಕು, ಮಗ್ಗುಲಾಗುವಂತಿಲ್ಲ. ನೋವಿನ ಮಾತ್ರೆಯಿಂದ ಮಲಬದ್ಧತೆ ಬೇರೆ. ಕೈ ಎತ್ತಿ ತಲೆ ಬಾಚಿಕೊಳ್ಳಲಾಗದು. ಊರಿಗೆ ಬಂದ ಮೇಲೆ ಕೊಯ್ಸ್ಕೊಳ್ತಾರೇನೇ ಎಂದಿದ್ದ ಅತ್ತೆಯೇ ದಿನಾ ಎಣ್ಣೆ ಹಚ್ಚಿ ಜಡೆ ಹಾಕಿದರು, ಬೈಯುತ್ತಲೇ.

ನಿಜವಾದ ಪರೀಕ್ಷೆ ಆಮೇಲೆ ಬಂತು. ಮೂರನೇ ವಾರ, ಮನೆಯವರೆಲ್ಲ ಇನ್ನೇನು ಹುಷಾರಾದಳು ಎಂದುಕೊಂಡಿದ್ದಾಗ, ಸ್ನಾನಕ್ಕೆಂದು ಬ್ರಾ ಬಿಚ್ಚಿದೆ. ಬಟ್ಟೆಗೆ ಹಳದಿ ಕಲೆ ಅಂಟಿತ್ತು. ಕನ್ನಡಿ ಕೆಳಗಿಟ್ಟು ನೋಡಿದರೆ, ಎಡಗಡೆ ನೇರಗೆರೆ ಬಂದು ಅಡಿಯ ಗೆರೆಗೆ ಕೂಡುವ ಜಾಗದಲ್ಲಿ ಹೊಲಿಗೆ ಬಿಟ್ಟುಕೊಂಡು, ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಒಳಗಿನ ಮಾಂಸ ಕಾಣುತ್ತಿದೆ. ಕಾಲು ನಡುಗಿ ಬಚ್ಚಲಲ್ಲೇ ಕುಳಿತುಬಿಟ್ಟೆ. ಆಸ್ಪತ್ರೆಗೆ ಫೋನ್ ಮಾಡಿದರೆ ಆ ಕಡೆಯ ದನಿ ಹೇಳಿತು, "ಕಾಮನ್ ಮೇಡಂ, ತುಂಬಾ ಜನಕ್ಕೆ ಆಗುತ್ತೆ."

ಅದು ನಿಜ. ಮೂರು ಕಡೆಯ ಚರ್ಮ ಸೇರುವ ಆ ಮೂಲೆಯಲ್ಲಿ ಎಳೆತ ಹೆಚ್ಚು, ರಕ್ತ ಓಡಾಟ ಕಡಿಮೆ, ಹಾಗಾಗಿ ಗಾಯ ಬಿಡುವುದು ಅಪರೂಪವೇನಲ್ಲ. ಮತ್ತೆ ಹೊಲಿಯದೆ ಡ್ರೆಸ್ಸಿಂಗ್ ಮಾಡುತ್ತಾ ಹೋದರೆ ತಳದಿಂದ ತಾನಾಗಿ ತುಂಬುತ್ತದೆ. ನನಗೂ ವಾರಗಟ್ಟಲೆ ಹಿಡಿದು ತುಂಬಿತು. ಜ್ವರ, ಕೀವು, ಸುತ್ತಲೂ ಕೆಂಪು ಹರಡುವುದು ಕಂಡರೆ ಮಾತ್ರ ಕಾಯಬಾರದು, ಓಡಬೇಕು. ಇಷ್ಟನ್ನು ಮುಂಚೆಯೇ ಹೇಳಲು ಎರಡು ನಿಮಿಷ ಸಾಕಿತ್ತು. ಹೇಳಿದ್ದರೆ ಆ ರಾತ್ರಿಗಳಲ್ಲಿ ನಾನು ಸಾವಿನ ಲೆಕ್ಕ ಹಾಕುತ್ತಾ ಮಲಗುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಈ ತೊಂದರೆ ಹೆಚ್ಚು. ತಂಬಾಕಿನವರಿಗೂ ಅಷ್ಟೆ. ಸಿಗರೇಟು ಸೇದುತ್ತೀರಾ ಎಂದು ಡಾಕ್ಟರು ಕೇಳಿದರೆ ನಮ್ಮ ಹೆಂಗಸರು ಇಲ್ಲ ಎನ್ನುತ್ತಾರೆ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಲೆಕ್ಕಕ್ಕೇ ಬರುವುದಿಲ್ಲ. ಎರಡರಲ್ಲೂ ಇರುವುದು ನಿಕೋಟಿನ್. ಅದು ರಕ್ತನಾಳವನ್ನು ಕುಗ್ಗಿಸುತ್ತದೆ, ತೊಟ್ಟೇ ಕಪ್ಪಾಗಿ ಸಾಯಲೂಬಹುದು. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಗಾಯ ಮಾಯುವವರೆಗೂ ಮುಟ್ಟಬಾರದು.

ನನ್ನ ಎಡತೊಟ್ಟಿಗೆ ಈಗಲೂ ಸ್ಪರ್ಶ ತಿಳಿಯುವುದಿಲ್ಲ. ಗಾಯದ ಗೆರೆಗಳು ಮೊದಲು ಕಪ್ಪಾಗಿ ಉಬ್ಬಿದ್ದವು. ನಮ್ಮ ಬಣ್ಣದ ಚರ್ಮಕ್ಕೆ ಅದು ಹೆಚ್ಚೆಂದು ಸಿಲಿಕೋನ್ ಜೆಲ್ ಕೊಟ್ಟರು, ವರ್ಷದ ಮೇಲೆ ತಿಳಿಯಾದವು, ಅಳಿಸಿಹೋಗಿಲ್ಲ. ಆಕಾರ ನಿಲ್ಲಲು ಆರು ತಿಂಗಳಾದರೂ ಬೇಕು. ಹೊಸ ಬ್ಲೌಸ್ ಹೊಲಿಸುವ ಆಸೆಯನ್ನು ಅಲ್ಲಿಯವರೆಗೆ ತಡೆದುಕೊಳ್ಳಿ. ಮುಂದೆ ಮಕ್ಕಳು ಬೇಕೆನ್ನುವವರು ಹಾಲಿನ ವಿಷಯ ಬಾಯಿಬಿಟ್ಟು ಕೇಳಬೇಕು. ಕೆಲವರಿಗೆ ಹಾಲು ಬರುತ್ತದೆ, ಕೆಲವರಿಗೆ ಸಾಲುವುದಿಲ್ಲ.

ದುಡ್ಡಿನ ಮಾತು. ವಿಮೆಯವರು ಇದು ಸೌಂದರ್ಯ ಚಿಕಿತ್ಸೆ ಎಂದು ನನ್ನ ಕ್ಲೇಮು ತಳ್ಳಿಹಾಕಿದರು, ಪಿಎಫ್ ಹಣ ತೆಗೆದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಅಥವಾ ಆರೋಗ್ಯಕ್ಕೆ ನೇರ ಅಪಾಯವಿದೆಯೆಂದು ಡಾಕ್ಟರು ಬರೆದುಕೊಟ್ಟ ಸಂದರ್ಭ ಬಿಟ್ಟರೆ ಪ್ಲಾಸ್ಟಿಕ್ ಸರ್ಜರಿಗೆ ಹಣವಿಲ್ಲ ಎಂಬ ಷರತ್ತು ಪಾಲಿಸಿಗಳಲ್ಲಿರುತ್ತದೆ. ಮೂಳೆ ಡಾಕ್ಟರ, ಚರ್ಮದ ಡಾಕ್ಟರ ಚೀಟಿಗಳನ್ನೆಲ್ಲ ಕೂಡಿಸಿಟ್ಟು, ಸರ್ಜನ್ ಪತ್ರದ ಜೊತೆ ಮೊದಲೇ ಒಪ್ಪಿಗೆ ಕೇಳಿ. ಕೊಟ್ಟೇ ಕೊಡುತ್ತಾರೆ ಎನ್ನಲಾರೆ.

ಇಷ್ಟೆಲ್ಲ ಆದ ಮೇಲೂ, ಮತ್ತೆ ಮಾಡಿಸಿಕೊಳ್ಳುತ್ತೀಯಾ ಎಂದರೆ ಹೌದು ಎನ್ನುತ್ತೇನೆ. ಕತ್ತುನೋವು ಹೋಗಿದೆ, ಮಡಿಕೆಯ ಹುಣ್ಣು ಹೋಗಿದೆ, ಕೊನೆಯ ಪೀರಿಯಡ್ಡಿನಲ್ಲೂ ನಿಂತೇ ಪಾಠ ಮಾಡುತ್ತೇನೆ. ನೀವೂ ಈ ಯೋಚನೆಯಲ್ಲಿದ್ದರೆ, ಕೇಳಬೇಕಾದುದನ್ನು ಕನ್ನಡದಲ್ಲೇ ಬರೆದುಕೊಂಡು, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಡಾಕ್ಟರ ಬಳಿ ಹೋಗಿ. ಗಾಯ ಬಿಟ್ಟರೆ ಏನು ಮಾಡುತ್ತೀರಿ, ರಾತ್ರಿ ಯಾರಿಗೆ ಫೋನ್ ಮಾಡಲಿ ಎಂದು ಕೇಳಿ. "ಏನೂ ಆಗಲ್ಲ" ಎಂದಷ್ಟೇ ಹೇಳಿದರೆ, ಎದ್ದು ಬಂದು ಇನ್ನೊಬ್ಬ ಡಾಕ್ಟರನ್ನು ನೋಡಿ.