‘ಫಾಸ್ಟ್ ಕಾರ್’ ಯಾರ ಹಾಡು?

ನಮ್ಮ ಹಾಸ್ಟೆಲ್‌ನ ಎರಡನೇ ಮಹಡಿಯಲ್ಲಿ ಮೂರು ಪಕ್ಷಗಳಿವೆ. ರಾಜಕೀಯ ಪಕ್ಷಗಳಲ್ಲ. ಜಗಳ ಇರೋದು ಒಂದು ಇಂಗ್ಲಿಷ್ ಹಾಡಿನ ಬಗ್ಗೆ. ಹಾಡಿನ ಹೆಸರು ‘ಫಾಸ್ಟ್ ಕಾರ್’. ಮೊದಲನೇ ಪಕ್ಷದ ಪ್ರಕಾರ ಅದು 1988ರಲ್ಲಿ ಟ್ರೇಸಿ ಚಾಪ್‌ಮನ್ ಬರೆದು ಹಾಡಿದ್ದು, ಬೇರೆ ಯಾರೂ ಅದನ್ನ ಮುಟ್ಟಲೇಬಾರದು. ಎರಡನೇ ಪಕ್ಷದವರು 2023ರಲ್ಲಿ ಕಂಟ್ರಿ ಗಾಯಕ ಲ್ಯೂಕ್ ಕೋಂಬ್ಸ್ ಹಾಡಿದ ಕವರ್ ಕೇಳಿ ಬೆಳೆದವರು, ಅವರಿಗೆ ಆ ಒರಟು ಗಂಟಲೇ ಬೇಕು. ಮೂರನೆಯದು ಜಿಮ್ ಪಕ್ಷ. ಜೋನಸ್ ಬ್ಲೂ ಮಾಡಿದ ಡ್ಯಾನ್ಸ್ ವರ್ಷನ್ ಹಾಕ್ಕೊಂಡು ಸ್ಕ್ವಾಟ್ಸ್ ಮಾಡ್ತಾರೆ, ಹಾಡಲ್ಲಿ ಏನಿದೆ ಅಂತ ಕೇಳಿದ್ರೆ “ಕಾರ್ ಇದೆ” ಅಂತಾರೆ.

ಈ ಜಗಳ ಇಂಟರ್ನಲ್ಸ್ ಹಿಂದಿನ ರಾತ್ರಿ ಜಾಸ್ತಿ ಆಗುತ್ತೆ. ಯಾಕೆ ಅಂತ ನಿಮಗೂ ಗೊತ್ತು. ಆದ್ರೆ ಇದನ್ನ ಬರೀ ಟೈಂಪಾಸ್ ಅಂತ ಬಿಡೋಕೆ ನಂಗೆ ಮನಸ್ಸಿಲ್ಲ. ಒಂದು ಹಾಡು ಯಾರದ್ದು, ಕವರ್ ಮಾಡೋನು ಅದಕ್ಕೆ ಏನು ಕೊಡ್ತಾನೆ, ಏನು ಕಿತ್ಕೊಳ್ತಾನೆ ಅನ್ನೋದನ್ನ ಈ ಹಾಡಿನಷ್ಟು ಚೆನ್ನಾಗಿ ತೋರಿಸೋ ಉದಾಹರಣೆ ನಾನು ಬೇರೆ ಕಂಡಿಲ್ಲ.

ಮೊದಲು ಕಥೆ. ಹಾಡಿನಲ್ಲಿ ಮಾತಾಡೋದು ಒಬ್ಬ ಬಡ ಹುಡುಗಿ. ಅಪ್ಪ ಕುಡಿದು ಕುಡಿದು ಮೂಲೆ ಸೇರಿದ್ದಾನೆ, ಅಮ್ಮ ಬಿಟ್ಟು ಹೋಗಿದ್ದಾಳೆ. ಅಪ್ಪನ್ನ ನೋಡ್ಕೊಳ್ಳೋಕೆ ಅಂತ ಇವಳು ಓದು ಬಿಡ್ತಾಳೆ. ಅವಳ ಗೆಳೆಯನ ಹತ್ರ ಒಂದು ಕಾರ್ ಇದೆ. ಅದ್ರಲ್ಲಿ ಕೂತು ಈ ಊರು ಬಿಟ್ಟು ಹೋದ್ರೆ ಬದುಕು ಸರಿ ಹೋಗುತ್ತೆ ಅನ್ನೋ ಆಸೆ. ಹೋಗ್ತಾರೆ ಕೂಡ. ಅಂಗಡಿಯೊಂದರ ಬಿಲ್ಲಿಂಗ್ ಕೌಂಟರ್‌ನಲ್ಲಿ ಅವಳಿಗೆ ಕೆಲಸ ಸಿಗುತ್ತೆ. ಅವನಿಗೆ ಸಿಗಲ್ಲ. ವರ್ಷಗಳು ಕಳೆದ ಮೇಲೆ ಮನೆ ನಡೆಸೋಳು ಅವಳು, ರಾತ್ರಿ ಲೇಟಾಗಿ ಕುಡ್ಕೊಂಡು ಬರೋನು ಅವನು. ಓಡಿ ಬಂದದ್ದು ಯಾವುದರಿಂದಲೋ ಅದೇ ಮನೆಯೊಳಗೆ ಬಂದು ಕೂತಿದೆ. ಇಷ್ಟನ್ನೂ ಒಂದು ಗಿಟಾರ್ ಮೇಲೆ, ತಿರುಗಿ ತಿರುಗಿ ಬರೋ ಒಂದೇ ಒಂದು ಪುಟ್ಟ ರಿಫ್ ಇಟ್ಕೊಂಡು ಹೇಳಿದ್ದಾರೆ.

ಬರೆದವರು ನಮ್ಮಂಥ ಸ್ಟೂಡೆಂಟೇ. ಚಾಪ್‌ಮನ್ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ಬಾಸ್ಟನ್ ಹತ್ತಿರದ ಟಫ್ಟ್ಸ್ ಯೂನಿವರ್ಸಿಟಿಯಲ್ಲಿ ಓದ್ತಾ ಇದ್ದಾಗ ಕ್ಯಾಂಪಸ್ಸಲ್ಲಿ, ಕಾಫಿ ಹೌಸಲ್ಲಿ, ಹಾರ್ವರ್ಡ್ ಸ್ಕ್ವೇರ್‌ನ ಬೀದಿಯಲ್ಲಿ ಹಾಡ್ತಾ ಇದ್ದರು. ಅದನ್ನ ಕೇಳಿದ ಕಾಲೇಜಿನ ಹುಡುಗನೊಬ್ಬ ಸಂಗೀತದ ವ್ಯಾಪಾರದಲ್ಲಿದ್ದ ತನ್ನ ಅಪ್ಪನಿಗೆ ಹೇಳಿದ. ಅಲ್ಲಿಂದ ಮೊದಲ ಆಲ್ಬಂ 1988ರ ಏಪ್ರಿಲ್‌ನಲ್ಲಿ ಬಂತು. ಸಿಂಥಸೈಜರ್, ಡ್ರಮ್ ಮಷಿನ್‌ಗಳ ಸದ್ದು ತುಂಬಿದ್ದ ಕಾಲ ಅದು. ಅದರ ನಡುವೆ ಒಂದು ಗಿಟಾರ್, ಒಂದು ಗಂಟಲು, ಬಡತನದ ಮಾತು.

ಎಂಜಿನಿಯರಿಂಗ್ ಓದೋರಿಗೆ ಇಷ್ಟ ಆಗೋ ಭಾಗ ಇನ್ನು ಮುಂದಿದೆ. 1988ರ ಜೂನ್ 11ರಂದು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬಕ್ಕೆ ದೊಡ್ಡ ಕಾರ್ಯಕ್ರಮ. ಮಂಡೇಲಾ ಆಗಿನ್ನೂ ಜೈಲಲ್ಲಿದ್ದರು. 60ಕ್ಕೂ ಹೆಚ್ಚು ದೇಶಗಳಿಗೆ ಟಿವಿ ಪ್ರಸಾರ. ಚಾಪ್‌ಮನ್ ಅಷ್ಟು ಹೊತ್ತಿಗಾಗಲೇ ತಮ್ಮ ಪಾಲಿನ ಹಾಡುಗಳನ್ನ ಹಾಡಿ ಮುಗಿಸಿದ್ದರು. ಸಂಜೆ ಸ್ಟೀವಿ ವಂಡರ್ ಸ್ಟೇಜಿಗೆ ಬರಬೇಕು. ಅವರ ಸಿಂಕ್ಲಾವಿಯರ್ ಅನ್ನೋ ಕೀಬೋರ್ಡ್ ಯಂತ್ರದ ಹಾರ್ಡ್ ಡಿಸ್ಕ್ ಕಾಣಿಸ್ತಿಲ್ಲ! ಸಂಗೀತ ಎಲ್ಲಾ ಅದರಲ್ಲೇ ಇತ್ತು. ಅವರು ಹಾಡದೇ ಹೊರಟುಬಿಟ್ಟರು, ಆ ಖಾಲಿ ಸಮಯ ತುಂಬಿಸೋಕೆ ಯಾರಾದ್ರೂ ಬೇಕಾಯ್ತು. ಕರೆಂಟು, ಡಿಸ್ಕು, ಬ್ಯಾಕಪ್ಪು ಏನೂ ಬೇಡದೋರು ಒಬ್ಬರಿದ್ದರು. ಚಾಪ್‌ಮನ್ ಗಿಟಾರ್ ಹಿಡ್ಕೊಂಡು ಮತ್ತೆ ಸ್ಟೇಜಿಗೆ ಬಂದು ‘ಫಾಸ್ಟ್ ಕಾರ್’ ಹಾಡಿದರು. ಆಮೇಲೆ ಸ್ಟೀವಿ ವಂಡರ್ ಕೂಡ ವಾಪಸ್ ಬಂದು ಹಾಡಿದರು, ಅದು ಬೇರೆ ಮಾತು. ಅಮೆರಿಕದಲ್ಲಿ ಆಲ್ಬಂ ಮೊದಲ ಸ್ಥಾನಕ್ಕೆ ಏರಿತು, ಹಾಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ 6ನೇ ಸ್ಥಾನದವರೆಗೆ ಹೋಯಿತು. 1989ರಲ್ಲಿ ಮೂರು ಗ್ರ್ಯಾಮಿ ಬಂದವು.

ಆಮೇಲೆ 35 ವರ್ಷ. ಲ್ಯೂಕ್ ಕೋಂಬ್ಸ್ ನಾರ್ತ್ ಕೆರೊಲಿನಾದವರು. ಚಿಕ್ಕವರಿದ್ದಾಗ ಅಪ್ಪನ ಟ್ರಕ್ಕಲ್ಲಿ ಕೂತು ಈ ಹಾಡು ಕೇಳ್ತಿದ್ದೆ ಅಂತ ಅವರೇ ಹೇಳಿದ್ದಾರೆ. 2023ರಲ್ಲಿ ತಮ್ಮ ಆಲ್ಬಂನಲ್ಲಿ ಇದನ್ನ ಹಾಡಿದರು. ಅದು ಬಿಲ್‌ಬೋರ್ಡ್‌ನಲ್ಲಿ 2ನೇ ಸ್ಥಾನ ತಲುಪಿತು, ಮೂಲ ಹಾಡಿಗಿಂತ ಮೇಲೆ. ಕಂಟ್ರಿ ರೇಡಿಯೋ ಪಟ್ಟಿಯಲ್ಲಿ ಮೊದಲ ಸ್ಥಾನ.

ವಿಮರ್ಶಕರು ಸುಮ್ಮನಿರಲಿಲ್ಲ, ಸುಮ್ಮನಿರಬಾರದಿತ್ತು ಕೂಡ. ವಾಷಿಂಗ್ಟನ್ ಪೋಸ್ಟ್ ಸೇರಿದಂತೆ ಹಲವು ಕಡೆ ಒಂದು ಪ್ರಶ್ನೆ ಎದ್ದಿತು. ಕಂಟ್ರಿ ರೇಡಿಯೋದಲ್ಲಿ ಕಪ್ಪು ಮಹಿಳೆಯರ ಧ್ವನಿ ಕೇಳಿಸೋದೇ ಅಪರೂಪ. ಹಾಗಿರುವಾಗ ಕಪ್ಪು ಮಹಿಳೆಯೊಬ್ಬರು ಬರೆದ ಹಾಡು ಆ ಬಾಗಿಲು ದಾಟೋಕೆ ಬಿಳಿಯ ಗಂಡಸಿನ ಗಂಟಲೇ ಬೇಕಾಯ್ತಾ? ನಮ್ಮ ಎರಡನೇ ಪಕ್ಷದವರು ಇದನ್ನ ಕೇಳಿದ್ರೆ ಮುಖ ಊದಿಸ್ಕೊಳ್ತಾರೆ, “ಪಾಪ, ಅವನೇನು ತಪ್ಪು ಮಾಡಿದ?” ಅಂತಾರೆ. ಅವರೇನೂ ತಪ್ಪು ಮಾಡಿಲ್ಲ, ನಿಜ. ಪ್ರಶ್ನೆ ಇರೋದು ಕೋಂಬ್ಸ್ ಬಗ್ಗೆ ಅಲ್ಲ, ಬಾಗಿಲಿನ ಬಗ್ಗೆ. ಹಾಡು ಚೆನ್ನಾಗಿದೆ ಅನ್ನೋದು, ಬಾಗಿಲು ಸರಿ ಇಲ್ಲ ಅನ್ನೋದು, ಎರಡೂ ಒಟ್ಟಿಗೆ ನಿಜ ಆಗಬಹುದು.

ಕೋಂಬ್ಸ್ ಮಾಡಿದ ಒಳ್ಳೇ ಕೆಲಸ ಅಂದ್ರೆ ಏನೂ ಮಾಡದೇ ಇದ್ದದ್ದು. ಬಿಲ್ಲಿಂಗ್ ಕೌಂಟರ್‌ನ ಹುಡುಗಿ ಅನ್ನೋ ಮಾತನ್ನ ಆ ಗಡ್ಡದ ಮನುಷ್ಯ ಹುಡುಗ ಅಂತ ಬದಲಾಯಿಸಲಿಲ್ಲ. ಹಾಗೇ ಹಾಡಿದರು. ಕನ್ನಡದಲ್ಲಿ ‘ನಾನು ಬಂದೆ’, ‘ನಾನು ದುಡಿದೆ’ ಅಂದ್ರೆ ಹೇಳ್ತಿರೋದು ಗಂಡೋ ಹೆಣ್ಣೋ ಗೊತ್ತಾಗಲ್ಲ. ಇಂಗ್ಲಿಷಲ್ಲೂ ಹಾಗೇ. ಇಡೀ ಹಾಡಲ್ಲಿ ಅವಳು ಹೆಣ್ಣು ಅಂತ ಹೇಳಿಕೊಡೋದು ಆ ಒಂದು ಮಾತು. ಅದನ್ನ ಉಳಿಸಿದ್ದರಿಂದ, ಯಾರು ಹಾಡಿದರೂ ಅದು ಅವಳ ಕಥೆಯಾಗೇ ಉಳಿಯಿತು. ಜೋನಸ್ ಬ್ಲೂ ವರ್ಷನ್ 2016ರಲ್ಲಿ ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೆ ಹೋಗಿತ್ತು, ಡಕೋಟಾ ಚೆನ್ನಾಗೇ ಹಾಡಿದ್ದಾರೆ. ಆದ್ರೆ ಬೀಟ್ ಜಾಸ್ತಿ ಆದಂಗೆ ಕಥೆ ಕೇಳಿಸೋದು ಕಮ್ಮಿ ಆಯ್ತು. ಕಾರ್ ಮಾತ್ರ ಉಳೀತು.

ಆ ಒಂದು ಮಾತಿನ ತೂಕ ನಂಗೆ ಗೊತ್ತಾಗಿದ್ದು ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ. ನಮ್ಮ ದೊಡ್ಡಮ್ಮನ ಮಗಳು ಸೆಕೆಂಡ್ ಪಿಯುಗೆ ಓದು ನಿಲ್ಲಿಸಿದವಳು. ದೊಡ್ಡಮ್ಮ ತೀರಿಕೊಂಡ ಮೇಲೆ ದೊಡ್ಡಪ್ಪನ ಕುಡಿತ ಜಾಸ್ತಿ ಆಗಿ, ಲಿವರ್ ಕೆಟ್ಟು, ಅವರನ್ನ ನೋಡ್ಕೊಳ್ಳೋಕೆ ಮನೇಲಿ ಬೇರೆ ಯಾರೂ ಇರಲಿಲ್ಲ. ಈಗ ಒಂದು ಸೂಪರ್ ಮಾರ್ಕೆಟ್ಟಲ್ಲಿ ಬಿಲ್ಲಿಂಗ್ ಮಾಡ್ತಾಳೆ. ನಾನು ಫೋನಲ್ಲಿ ಹಾಡು ಹಾಕಿದ್ದೆ, ಅವಳು ಕಡುಬಿಗೆ ಹೂರಣ ತುಂಬ್ತಾ ಇದ್ದಳು. “ಏನಂತಾಳೆ ಕಣೇ ಅವಳು, ಅಷ್ಟು ಬೇಜಾರಲ್ಲಿ?” ಅಂದಳು.

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಹಾಡಿನ ಪದಗಳೆಲ್ಲಾ ಬಾಯಿಪಾಠ. ಆದ್ರೆ ಅದನ್ನ ಅವಳಿಗೆ ಕನ್ನಡದಲ್ಲಿ ಹೇಳೋಕೆ ಹೋದಾಗ ನನ್ನ ಗಂಟಲು ಕಟ್ಟಿತು. ಕುಡಿಯೋ ಅಪ್ಪ, ಬಿಟ್ಟ ಓದು, ಬಿಲ್ಲಿಂಗ್ ಕೌಂಟರ್. ಯಾರ ಮುಂದೆ ಕೂತು ಹೇಳ್ತಿದೀನಿ! ಅಕ್ಕ ಮಾತ್ರ ಆರಾಮಾಗಿ ಕೇಳಿದಳು. ಅಳಲಿಲ್ಲ, ‘ನನ್ನ ಕಥೆನೇ’ ಅಂತ ಸಿನಿಮಾ ಡೈಲಾಗ್ ಹೊಡೀಲಿಲ್ಲ. “ಅವಳಿಗೆ ಪ್ರಮೋಷನ್ ಸಿಕ್ತಾ?” ಅಂದಳು.

“ಒಳ್ಳೇ ಕೆಲಸ ಸಿಕ್ತು ಅಕ್ಕ, ಮನೆ ಖರ್ಚೆಲ್ಲಾ ಅವಳೇ ನೋಡ್ಕೊಳ್ತಾಳೆ. ಅವನು ಮಾತ್ರ ಕುಡೀತಾ ಇದ್ದಾನೆ.”

“ಹಂಗಾದ್ರೆ ಇವಳ್ಯಾಕೆ ಹೋಗ್ಬೇಕು? ಕಾರ್ ಅವನದಲ್ವಾ, ಅವನೇ ತಗೊಂಡು ಹೋಗ್ಲಿ.”

ಹಾಡು ಮುಗಿಯೋ ಹೊತ್ತಿಗೆ ಆ ಹುಡುಗಿ ಹೇಳೋದೂ ಹೆಚ್ಚುಕಮ್ಮಿ ಅದನ್ನೇ. ನಾನು ಅಲ್ಲಿವರೆಗೆ ಇನ್ನೂ ಹೇಳೇ ಇರಲಿಲ್ಲ. ಇಪ್ಪತ್ನಾಲ್ಕರ ಹರೆಯದಲ್ಲಿ ಚಾಪ್‌ಮನ್ ಹಾಡಿದ್ದನ್ನ ನಮ್ಮಕ್ಕ ಹೂರಣದ ಕೈಯಲ್ಲೇ ಊಹಿಸಿಬಿಟ್ಟಳು. ಹಾಡಿನ ಪ್ರಭಾವ ಅಂದ್ರೆ ಎಷ್ಟು ಕವರ್ ಬಂದವು, ಎಷ್ಟು ವ್ಯೂಸ್ ಆದವು ಅನ್ನೋದಕ್ಕಿಂತ ನಂಗೆ ಈಗ ಇದು ದೊಡ್ಡದು ಅನ್ಸುತ್ತೆ.

ಇನ್ನು ಕೊನೆಯ ವಿಷಯ, ಹೆಸರು ಮತ್ತು ದುಡ್ಡು. ಅಮೆರಿಕದ ಕಾನೂನಿನ ಪ್ರಕಾರ, ಒಮ್ಮೆ ಬಿಡುಗಡೆಯಾದ ಹಾಡನ್ನ ಯಾರು ಬೇಕಾದ್ರೂ ಕವರ್ ಮಾಡಬಹುದು. ಆದ್ರೆ ಬರೆದವರಿಗೆ ರಾಯಲ್ಟಿ ಕೊಡಲೇಬೇಕು, ಹಾಡಿನ ಮೂಲ ಸ್ವರೂಪ ಕೆಡಿಸಬಾರದು. ತುಂಡು ತಗೊಂಡು ಹೊಸ ಹಾಡು ಮಾಡಬೇಕಂದ್ರೆ ಅನುಮತಿ ಬೇಕು. ಚಾಪ್‌ಮನ್ ಈ ವಿಷಯದಲ್ಲಿ ಕಟ್ಟುನಿಟ್ಟು. ಅವರ ಇನ್ನೊಂದು ಹಾಡಿನ ಭಾಗ ಬಳಸೋಕೆ ನಿಕಿ ಮಿನಾಜ್ ಕಡೆಯವರು ಕೇಳಿದಾಗ ಬೇಡ ಅಂದಿದ್ದರು. ಆದ್ರೂ ಆ ಹಾಡು 2018ರಲ್ಲಿ ರೇಡಿಯೋದಲ್ಲಿ ಬಂತು, ಕೇಸ್ ಆಯ್ತು, 2021ರಲ್ಲಿ 4,50,000 ಡಾಲರಿಗೆ ಇತ್ಯರ್ಥವಾಯ್ತು. ನಮ್ಮ ದೇಶದಲ್ಲೂ 2012ರ ಕಾಪಿರೈಟ್ ತಿದ್ದುಪಡಿ ಸಾಹಿತ್ಯ ಬರೆದವರ, ಸಂಗೀತ ಸಂಯೋಜಿಸಿದವರ ರಾಯಲ್ಟಿ ಹಕ್ಕನ್ನ ಗಟ್ಟಿ ಮಾಡಿದೆ.

ಕೋಂಬ್ಸ್ ಕವರ್ ಗೆದ್ದಾಗ ಬರೆದವರ ಹೆಸರಿನ ಜಾಗದಲ್ಲಿ ಇದ್ದದ್ದು ಒಂದೇ ಹೆಸರು, ಟ್ರೇಸಿ ಚಾಪ್‌ಮನ್. ಅದಕ್ಕೇ 2023ರ ನವೆಂಬರ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಹಾಡು ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಗೀತರಚನಕಾರರು ಅವರೇ. 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಸ್ಟೇಜಲ್ಲಿ ಇಬ್ಬರೂ ಒಟ್ಟಿಗೆ ಹಾಡಿದರು. ವಿಡಿಯೋ ನೋಡಿ. ಚಾಪ್‌ಮನ್ ಆ ರಿಫ್ ಶುರು ಮಾಡ್ತಾರೆ, ಸಣ್ಣಗೆ ನಗ್ತಾರೆ. ಅವರು ಹಾಡುವಾಗ ಕೋಂಬ್ಸ್ ಪಕ್ಕದಲ್ಲಿ ನಿಂತು ಅವರನ್ನೇ ನೋಡ್ತಾ ತುಟಿ ಆಡಿಸ್ತಾರೆ, ಅಪ್ಪನ ಟ್ರಕ್ಕಲ್ಲಿ ಕೂತ ಹುಡುಗನ ಥರ. ಪ್ರೇಕ್ಷಕರ ನಡುವೆ ಟೇಲರ್ ಸ್ವಿಫ್ಟ್ ಎದ್ದು ನಿಂತು ಹಾಡ್ತಾರೆ. ಆ ವಾರ ಜನ ಹುಡುಕಿಕೊಂಡು ಹೋಗಿದ್ದು ಮೂಲ ಹಾಡನ್ನ.

ನಮ್ಮ ಆಕಾಶವಾಣಿಯಲ್ಲಿ ಹಾಡು ಹಾಕೋ ಮುಂಚೆ ಸಾಹಿತ್ಯ ಇವರದು, ಸಂಗೀತ ಇವರದು, ಹಾಡಿದವರು ಇವರು ಅಂತ ಹೇಳ್ತಾರೆ. ಅಜ್ಜಿ ಕಾಲದ ಪದ್ಧತಿ ಅಂತ ನಾವು ನಗ್ತೀವಿ. ಅದರಷ್ಟು ನ್ಯಾಯವಾದ ಪದ್ಧತಿ ಇನ್ನೊಂದಿಲ್ಲ. ಮುಂದಿನ ತಿಂಗಳು ನಮ್ಮ ಕ್ಲಬ್ಬಿನ ಓಪನ್ ಮೈಕ್ ಇದೆ. ಇಂಗ್ಲಿಷ್ ಹಾಡಿ, ಭಾವಗೀತೆ ಹಾಡಿ, ಸಿನಿಮಾ ಹಾಡು ಹಾಡಿ, ನಿಮ್ಮಿಷ್ಟ. ಮೈಕ್ ಹಿಡಿದ ತಕ್ಷಣ ಬರೆದವರ ಹೆಸರು ಒಂದು ಸಲ ಹೇಳಿ. ಐದು ಸೆಕೆಂಡ್ ಸಾಕು. ಜಿಮ್ ಪಕ್ಷದವರಿಗೂ ಇದೇ ರೂಲ್.