ಸುದ್ದಿಯ ಬಿಲ್ಲು ಯಾರ ಹೆಸರಿಗೆ?

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಜನ ಅತಿ ಹೆಚ್ಚು ಕಾತರದಿಂದ ಕಾಯುವ ಲೇಖಕರು ಯಾರು ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಜಿಲ್ಲಾಧಿಕಾರಿಗಳು ಎನ್ನುತ್ತೇನೆ. ಅವರ ಸಮಗ್ರ ಸಾಹಿತ್ಯ ಒಂದೇ ವಾಕ್ಯದ್ದು: ಭಾರಿ ಮಳೆಯ ಮುನ್ಸೂಚನೆ ಇರುವುದರಿಂದ ನಾಳೆ ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ರಜೆ. ಆ ಒಂದು ವಾಕ್ಯಕ್ಕಾಗಿ ಮಕ್ಕಳು, ಮಕ್ಕಳಿಗಿಂತ ಹೆಚ್ಚಾಗಿ ಮೇಷ್ಟ್ರುಗಳು, ರಾತ್ರಿ ಊಟವಾದ ಮೇಲೂ ಮೊಬೈಲು ಕೆಳಗಿಡುವುದಿಲ್ಲ. ಈ ಕಾತರವನ್ನು ಬಲ್ಲ ಸುದ್ದಿ ಪೋರ್ಟಲ್‌ಗಳು ಸಂಜೆಗೇ ಅಂಗಡಿ ತೆರೆದಿರುತ್ತವೆ. "ನಾಳೆ ಶಾಲೆಗಳಿಗೆ ರಜೆ ಇದೆಯಾ? ಇಲ್ಲಿದೆ ಬಿಗ್ ಅಪ್‌ಡೇಟ್!" ಒತ್ತಿ ಒಳಗೆ ಹೋದರೆ ಮೊದಲ ಪ್ಯಾರಾದಲ್ಲಿ ಮುಂಗಾರು ಚುರುಕಾಗಿದೆ, ಎರಡನೆಯದರಲ್ಲಿ ಹಳ್ಳಕೊಳ್ಳ ತುಂಬಿವೆ, ನಡುವೆ ಮಂಡಿನೋವಿನ ಎಣ್ಣೆಯ ಜಾಹೀರಾತು, ಆಮೇಲೆ ಪೋಷಕರು ಗೊಂದಲದಲ್ಲಿದ್ದಾರೆ, ಮತ್ತೆ ಎಣ್ಣೆ, ಕಟ್ಟಕಡೆಗೆ, ಅಧಿಕೃತ ಆದೇಶ ಇನ್ನೂ ಹೊರಬಿದ್ದಿಲ್ಲ. ನಮಗೆ ರಜೆ ಸಿಗಲಿಲ್ಲ, ಅವರಿಗೆ ನಾವು ಸಿಕ್ಕೆವು.

ನನ್ನ ಸೋದರಳಿಯ ಬೆಂಗಳೂರಿನಲ್ಲಿ ಇಂಥದೊಂದು ಪೋರ್ಟಲ್‌ನ ಡೆಸ್ಕಿನಲ್ಲಿದ್ದಾನೆ. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿ, ಪ್ರಬಂಧ ಬರೆದು, ಚಿನ್ನದ ಪದಕ ತಪ್ಪಿಸಿಕೊಂಡು, ಈಗ ದಿನವೂ ಬೆಳಿಗ್ಗೆ ಚಿನ್ನದ ಬೆಲೆ ಬರೆಯುತ್ತಾನೆ. ಅವರ ಆಫೀಸಿನ ಗೋಡೆಯ ಮೇಲೆ ದೊಡ್ಡದೊಂದು ಪರದೆಯಂತೆ. ಈ ಕ್ಷಣ ಯಾವ ಸುದ್ದಿಯನ್ನು ಎಷ್ಟು ಜನ ಓದುತ್ತಿದ್ದಾರೆ, ಎಷ್ಟನೇ ಸೆಕೆಂಡಿಗೆ ಬಿಟ್ಟು ಓಡುತ್ತಿದ್ದಾರೆ ಎಲ್ಲವೂ ಅಲ್ಲಿ ಕಾಣುತ್ತದೆಯಂತೆ. ಹಿಂದಿನ ಸಂಪಾದಕರ ಪುಣ್ಯ ನೋಡಿ. ಸಂಪಾದಕೀಯವನ್ನು ಯಾರೂ ಓದುವುದಿಲ್ಲ ಎಂಬ ಗುಮಾನಿ ಆಗಲೂ ಎಲ್ಲರಿಗೂ ಇತ್ತು, ಪುರಾವೆ ಇರಲಿಲ್ಲ. ಆ ಧೈರ್ಯದ ಮೇಲೆ ಎಷ್ಟೋ ಜನ ಮೂವತ್ತು ವರ್ಷ ಗಂಭೀರವಾಗಿ ಬರೆದು ಗೌರವದಿಂದ ನಿವೃತ್ತರಾದರು.

"ಮಾವ, ನಮ್ಮ ಸಂಬಳ ಹುಟ್ಟೋದು ನಾಲ್ಕೇ ಕಡೆಯಿಂದ. ರಜೆ, ಚಿನ್ನ, ರಾಶಿಫಲ, ಡ್ಯಾಂ ನೀರು. ಉಳಿದದ್ದೆಲ್ಲ ನಾವು ಪತ್ರಕರ್ತರು ಅಂತ ನಮಗೆ ನಾವೇ ಹೇಳ್ಕೊಳ್ಳೋಕೆ."

ನಗಬಹುದಿತ್ತು. ಆದರೆ ಅಡಿಕೆ ಸೀಮೆಯವನಾದ ನಾನು ಯಾವ ಮುಖ ಇಟ್ಟುಕೊಂಡು ನಗಲಿ? ಬೆಳಿಗ್ಗೆ ಎದ್ದು ನಾನು ಮೊದಲು ಹುಡುಕುವುದು ಧಾರಣೆಯನ್ನೇ. ಶಿವಮೊಗ್ಗದಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಷ್ಟಕ್ಕೆ ಹೋಯಿತು, ಸಿರಸಿಯಲ್ಲಿ ಚಾಲಿ ಏರಿತೇ ಎಂದು ನೋಡಿದ ಮೇಲೆಯೇ ನನಗೆ ಜಾಗತಿಕ ಶಾಂತಿಯ ನೆನಪಾಗುವುದು. ಮಂಡ್ಯದ ಕಡೆಯವರಿಗೆ ಹಾಗೆಯೇ ಕೆಆರ್‌ಎಸ್ ಮಟ್ಟ, 124.80 ಅಡಿ ಎಂಬ ಸಂಖ್ಯೆಯನ್ನು ಅಲ್ಲಿ ಮಕ್ಕಳು ಮಗ್ಗಿಯ ಜೊತೆಗೇ ಕಲಿಯುತ್ತಾರೆ. ಇವೆಲ್ಲ ಸುದ್ದಿಯಲ್ಲ ಎನ್ನುವವರು ಅಡಿಕೆಯನ್ನೂ ಬೆಳೆದಿಲ್ಲ, ಭತ್ತವನ್ನೂ ಬೆಳೆದಿಲ್ಲ. ನನ್ನ ತಕರಾರು ಬೇರೆ. ಧಾರಣೆ ಒಂದು ಸಾಲಿನಲ್ಲಿ ಹೇಳುವಂಥದು. ಅದನ್ನು ಆರು ಪ್ಯಾರಾ ಎಳೆಯುವುದೇಕೆ? ಎಳೆದಷ್ಟೂ ಎಣ್ಣೆಯ ಜಾಹೀರಾತಿಗೆ ಜಾಗವಾಗುತ್ತದೆ, ಅದಕ್ಕೇ. ಹಾಗಾದರೆ ನನ್ನ ಧಾರಣೆಗೆ ದುಡ್ಡು ಕೊಡುತ್ತಿರುವವನು ನಾನಲ್ಲ, ಎಣ್ಣೆಯವನು.

ಇದೇನೂ ಮೊಬೈಲು ತಂದ ಕಾಯಿಲೆಯಲ್ಲ. ನಾವು ಓದುಗರು ಸುದ್ದಿಗೆ ಪೂರ್ತಿ ಬೆಲೆ ಕೊಟ್ಟವರೇ ಅಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದವರು ಹರ್ಮನ್ ಮೋಗ್ಲಿಂಗ್. ಅದರ ಬೆನ್ನಿಗಿದ್ದುದು ಬಾಸೆಲ್ ಮಿಷನ್. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. 'ಮಂಗಳೂರ ಸಮಾಚಾರ'ಕ್ಕೂ ಹತ್ತು ವರ್ಷ ಮೊದಲು, 1833ರಲ್ಲಿ, ನ್ಯೂಯಾರ್ಕಿನಲ್ಲಿ ಬೆಂಜಮಿನ್ ಡೇ ಎಂಬಾತ 'ದಿ ಸನ್' ಎಂಬ ಪತ್ರಿಕೆಯನ್ನು ಒಂದೇ ಸೆಂಟಿಗೆ ಮಾರತೊಡಗಿದ. ಉಳಿದವರದಕ್ಕೆ ಆರು ಸೆಂಟು. ಪೇಪರು ಅಗ್ಗವಾಗಲಿ, ಜನ ಸೇರಲಿ, ಸೇರಿದ ಜನರನ್ನು ತೋರಿಸಿ ಜಾಹೀರಾತಿನವರಿಂದ ವಸೂಲು ಮಾಡೋಣ ಎಂಬುದು ಅವನ ಲೆಕ್ಕ. ಜನ ಸೇರಬೇಕಲ್ಲ? 1835ರ ಆಗಸ್ಟಿನಲ್ಲಿ ಆ ಪತ್ರಿಕೆ ಒಂದು ಧಾರಾವಾಹಿ ವರದಿ ಹಾಕಿತು: ಖಗೋಳಜ್ಞ ಜಾನ್ ಹರ್ಶೆಲ್ ತಮ್ಮ ದೊಡ್ಡ ದೂರದರ್ಶಕದಲ್ಲಿ ಚಂದ್ರನನ್ನು ನೋಡಿದ್ದಾರೆ, ಅಲ್ಲಿ ಬಾವಲಿಯಂತೆ ರೆಕ್ಕೆಯುಳ್ಳ ಮನುಷ್ಯರು ಹಾರಾಡುತ್ತಿದ್ದಾರೆ! ಊರಿಗೆ ಊರೇ ಮುಗಿಬಿದ್ದು ಕೊಂಡಿತು. ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿದ್ದ ಪಾಪದ ಹರ್ಶೆಲ್‌ಗೆ ತಾವು ಏನನ್ನು ಕಂಡುಹಿಡಿದಿದ್ದೇವೆ ಎಂಬುದು ಎಷ್ಟೋ ದಿನಗಳ ಮೇಲೆ ತಿಳಿಯಿತು. "ಚಂದ್ರನಲ್ಲಿ ಕಂಡದ್ದೇನು ಗೊತ್ತಾ? ವಿಜ್ಞಾನಿಗಳೇ ಶಾಕ್!" ಎಂದು ಇವತ್ತು ಯೂಟ್ಯೂಬಿನಲ್ಲಿ ಕೆಂಪು ಬಾಣ ಬಿಡಿಸುವ ಹುಡುಗನಿಗೆ ತನ್ನ ವಂಶವೃಕ್ಷ ಇಷ್ಟು ಹಳೆಯದೆಂದು ಯಾರಾದರೂ ಹೇಳಬೇಕು.

ನಮ್ಮಲ್ಲೂ ಅದೇ ಲೆಕ್ಕ ನಡೆಯಿತು. 'ವಿಜಯ ಕರ್ನಾಟಕ' ಅಗ್ಗದ ಬೆಲೆ, ಊರೂರಿನ ಆವೃತ್ತಿ ಹಿಡಿದು ಬಂದಾಗ ಉಳಿದ ಪತ್ರಿಕೆಗಳೂ ಬೆಲೆ ಇಳಿಸಬೇಕಾದ ದಿನಗಳು ನನ್ನ ವಯಸ್ಸಿನವರಿಗೆ ನೆನಪಿವೆ. 2006ರಲ್ಲಿ ಆ ಪತ್ರಿಕೆಯನ್ನು ಟೈಮ್ಸ್ ಸಮೂಹ ಕೊಂಡಿತು. ಆ ಸಮೂಹದ ವಿನೀತ್ ಜೈನ್ 2012ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರು: ತಮ್ಮದು ಪತ್ರಿಕೆಯ ವ್ಯವಹಾರವಲ್ಲ, ಜಾಹೀರಾತಿನ ವ್ಯವಹಾರ ಎಂದು. ಪತ್ರಿಕೋದ್ಯಮದ ಮಡಿವಂತರೆಲ್ಲ ಹೌಹಾರಿದರು. ನನಗೇನೋ ಆ ಮಾತು ಹಿಡಿಸಿತು. ತಿಂಗಳ ಕೊನೆಗೆ ಹಳೇ ಪೇಪರಿನವನು ಬಂದು ತಕ್ಕಡಿ ಎತ್ತಿದಾಗ, ಕೊಟ್ಟ ದುಡ್ಡಿನ ಒಂದು ಪಾಲು ವಾಪಸು ಬರುತ್ತಿತ್ತಲ್ಲ, ಆ ಸುಖದಲ್ಲಿ ನಾವೆಲ್ಲ ಪಾಲುದಾರರೇ.

ಆಮೇಲೆ ಕೂಡಿಟ್ಟ ಜಾಹೀರಾತುಗಳು ಒಂದೊಂದಾಗಿ ಎದ್ದು ಹೋದವು. ವಧೂವರರು ಮ್ಯಾಟ್ರಿಮನಿಗೆ, ಕೆಲಸ ಖಾಲಿ ಇರುವುದು ನೌಕರಿಗೆ, ಹಳೇ ಸ್ಕೂಟರು ಓಎಲ್ಎಕ್ಸ್‌ಗೆ. ಪೇಪರಿನಲ್ಲಿ ನಿಷ್ಠೆಯಿಂದ ಉಳಿದವರು ತೀರಿಕೊಂಡವರು ಮತ್ತು ಹುಟ್ಟುಹಬ್ಬದ ರಾಜಕಾರಣಿಗಳು.

ಕನ್ನಡ ಅಂತರ್ಜಾಲಕ್ಕೆ ಬೇಗನೇ ಬಂತು ಎಂಬುದು ಹೆಮ್ಮೆಯ ಸಂಗತಿ. ಯು.ಬಿ. ಪವನಜ ಅವರ 'ವಿಶ್ವ ಕನ್ನಡ' 1996ರಲ್ಲೇ ಶುರುವಾಯಿತು. ಫಾಂಟು ಇಳಿಸಿಕೊಳ್ಳದಿದ್ದರೆ ಪರದೆಯ ತುಂಬ ಬೈಗುಳದಂಥ ಚಿಹ್ನೆಗಳು ಕಾಣುತ್ತಿದ್ದ ಕಾಲ ಅದು. ಅಮೆರಿಕದಲ್ಲಿದ್ದ ಕನ್ನಡಿಗರು ಅಷ್ಟೂ ಕಷ್ಟಪಟ್ಟು ಓದುತ್ತಿದ್ದರು. ಇಲ್ಲಿದ್ದ ನಮಗೆ ಇನ್ನೂ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕ. ಹೆಮ್ಮೆ ಇತ್ತು, ವರಮಾನ ಇರಲಿಲ್ಲ. ಗೂಗಲ್‌ನ ಜಾಹೀರಾತು ಯಂತ್ರಕ್ಕೆ 2014ರವರೆಗೆ ಹಿಂದಿಯೇ ಬರುತ್ತಿರಲಿಲ್ಲ. ಕನ್ನಡವನ್ನು ಅದು ಕಲಿಯಲು ಇನ್ನೂ ಹಲವು ವರ್ಷ ಹಿಡಿಯಿತು. 2016ರಲ್ಲಿ ಜಿಯೋ ಬಂದು ಡೇಟಾ ನೀರಿನಂತಾದಾಗ ಓದುಗರೇನೋ ದಂಡಿಯಾಗಿ ಬಂದರು. ಬಂದವರು ಇಂಗ್ಲಿಷ್ ಓದುಗನ ಮುಂದೆ ಜಾಹೀರಾತಿನವರ ಕಣ್ಣಿಗೆ ಚಿಲ್ಲರೆ. ಬೆಂಗಳೂರಿನ ಬಾಡಿಗೆ ಮಾತ್ರ ಇಬ್ಬರಿಗೂ ಒಂದೇ.

ಇನ್ನು ಫೇಸ್‌ಬುಕ್ಕಿನ ಸಹವಾಸ. ಬನ್ನಿ, ನಮ್ಮ ಜಗಲಿಯಲ್ಲೇ ಕೂತು ವ್ಯಾಪಾರ ಮಾಡಿ ಎಂದು ಅದು 2015ರಲ್ಲಿ 'ಇನ್‌ಸ್ಟಂಟ್ ಆರ್ಟಿಕಲ್ಸ್' ತಂದಿತು. ವಿಡಿಯೋನೇ ಮುಂದಿನ ಕಾಲ ಎಂದಾಗ ದೊಡ್ಡ ದೊಡ್ಡ ಸಂಸ್ಥೆಗಳು ಬರೆಯುವವರನ್ನು ಮನೆಗೆ ಕಳಿಸಿ ಕ್ಯಾಮೆರಾ ಕೊಂಡವು; ವಿಡಿಯೋವನ್ನು ಜನ ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಎಂಬ ಲೆಕ್ಕವನ್ನು ತಾನು ಉಬ್ಬಿಸಿ ತೋರಿಸಿದ್ದೆನೆಂದು ಫೇಸ್‌ಬುಕ್ 2016ರಲ್ಲಿ ಒಪ್ಪಿಕೊಂಡಿತು. 2018ರ ಜನವರಿಯಲ್ಲಿ, ಇನ್ನು ಮೇಲೆ ಸುದ್ದಿಗಿಂತ ನೆಂಟರಿಷ್ಟರ ಫೋಟೋ ಮುಖ್ಯ ಎಂದಿತು. 2023ರಲ್ಲಿ ಜಗಲಿಯನ್ನೇ ಮುಚ್ಚಿತು. ಅದೇ ವರ್ಷ ಬಝ್‌ಫೀಡ್ ತನ್ನ ಸುದ್ದಿ ವಿಭಾಗಕ್ಕೆ ಬೀಗ ಹಾಕಿತು. ಸುದ್ದಿ ಬಳಸಿದರೆ ದುಡ್ಡು ಕೊಡಿ ಎಂದು ಕೆನಡಾ ಕಾನೂನು ಮಾಡಿದ್ದಕ್ಕೆ, ಹಾಗಾದರೆ ನಿಮ್ಮ ಸುದ್ದಿಯೇ ಬೇಡ ಎಂದು ಫೇಸ್‌ಬುಕ್ಕಿನ ಒಡೆಯ ಮೆಟಾ ಆ ದೇಶದಲ್ಲಿ ಸುದ್ದಿಯನ್ನೇ ತೆಗೆದುಹಾಕಿತು. ನಮ್ಮಲ್ಲಿ ಡಿಜಿಟಲ್ ಪ್ರಕಾಶಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗ 2022ರಲ್ಲಿ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು. ನನ್ನ ಸೋದರಳಿಯನ ಆಫೀಸಿನಲ್ಲಿ ಈಗ ಗೂಗಲ್‌ನ 'ಡಿಸ್ಕವರ್' ಎಂಬ ದೇವರು. ಮೊಬೈಲಿನಲ್ಲಿ ತಾನಾಗಿ ಸುದ್ದಿ ಸಾಲು ತೋರಿಸುತ್ತದಲ್ಲ, ಅದು. ಒಲಿದ ದಿನ ಲಕ್ಷಗಟ್ಟಲೆ ಓದುಗರು, ಮುನಿದ ದಿನ ಭಣಭಣ. ಯಾಕೆ ಒಲಿಯಿತು, ಯಾಕೆ ಮುನಿಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲವಾದ್ದರಿಂದ ಅದನ್ನು ವಿವರಿಸುವ ಪಂಡಿತರಿಗೆ ಸಂಪಾದಕರಿಗಿಂತ ಹೆಚ್ಚು ಸಂಬಳ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಬೆಳಗಿನ ಜಾವವೇ ವಾಟ್ಸಾಪ್ ಗುಂಪಿಗೆ ಅಂದಿನ ಪತ್ರಿಕೆಗಳ ಪಿಡಿಎಫ್ ಹಾಕುತ್ತಾರೆ. ಕೊರೊನಾ ಕಾಲದಲ್ಲಿ ಶುರುವಾದ ಸೇವೆ. ವೈರಸ್ಸು ಹೋಯಿತು, ಪಿಡಿಎಫ್ ಉಳಿಯಿತು. ಹೀಗೆ ಹಂಚುವುದು ಅಪರಾಧ ಎಂದು ಪತ್ರಿಕೆಗಳು ಪ್ರಕಟಣೆ ಹೊರಡಿಸಿದ್ದವಲ್ಲ, ಆ ಪ್ರಕಟಣೆ ನಮಗೆ ತಲುಪಿದ್ದೂ ಆ ಪಿಡಿಎಫ್‌ನಲ್ಲೇ.

"ಮೇಷ್ಟ್ರೇ, ತಿಂಗಳಿಗೆ ಇನ್ನೂರು ಚಿಲ್ಲರೆ ಕೊಟ್ಟು ಪೇಪರು ಹಾಕಿಸ್ಕೋಬಾರದಾ?" ಎಂದೆ ಒಮ್ಮೆ.

"ಹಾಕಿಸ್ಕೊಳ್ತೀನಲ್ಲ ಮಾರಾಯ್ರೇ, ಒಂದನ್ನ! ಪದಬಂಧ ಮೊಬೈಲಲ್ಲಿ ತುಂಬೋಕೆ ಆಗತ್ತಾ?"

ಮೇಷ್ಟ್ರಿಗೆ ತಿಳಿಯದೆ ಅವರು ಇಡೀ ಉದ್ಯಮದ ಮರ್ಮವನ್ನೇ ಹೇಳಿದ್ದರು. ಜಗತ್ತಿನಲ್ಲಿ ಓದುಗರಿಂದಲೇ ದುಡ್ಡು ಎತ್ತಿ ಗೆದ್ದ ಪತ್ರಿಕೆ ಎಂದು ಎಲ್ಲರೂ ಬೆರಳು ತೋರಿಸುವುದು 'ನ್ಯೂಯಾರ್ಕ್ ಟೈಮ್ಸ್' ಕಡೆಗೆ. 2011ರಲ್ಲಿ ಅದು ಜಾಲತಾಣಕ್ಕೆ ಚಂದಾ ಇಟ್ಟಾಗ ನಕ್ಕವರೇ ಹೆಚ್ಚು. ಈಗ ಚಂದಾದಾರರು 1 ಕೋಟಿ ದಾಟಿದ್ದಾರೆ. ಅವರಲ್ಲಿ ಎಷ್ಟೋ ಜನ ಬರುವುದು ಅಡುಗೆಗೆ, ಆಟಕ್ಕೆ, ಪದಬಂಧಕ್ಕೆ. 2022ರಲ್ಲಿ ಆ ಪತ್ರಿಕೆ 'ವರ್ಡಲ್' ಎಂಬ ಐದಕ್ಷರದ ಆಟವನ್ನು ಹತ್ತು ಲಕ್ಷ ಡಾಲರಿಗೂ ಮೇಲೆ ಕೊಟ್ಟು ಕೊಂಡಿತು. ಯುದ್ಧಭೂಮಿಯ ವರದಿಗಾರನ ವಿಮಾನದ ಟಿಕೇಟಿನಲ್ಲಿ ಅಡ್ಡಸಾಲು ಎಂಟು, ಕೆಳಸಾಲು ಹನ್ನೆರಡು ಬಿಡಿಸುವವರ ಪಾಲೂ ಇದೆ.

ಓದುಗನ ದುಡ್ಡಿನಲ್ಲೇ ಬದುಕುವುದು ಅಮೆರಿಕದಿಂದ ಕಲಿಯಬೇಕಾದ ವಿದ್ಯೆಯೇನಲ್ಲ. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಜಾಹೀರಾತನ್ನೇ ಹಾಕುತ್ತಿರಲಿಲ್ಲ. ವಾರ ವಾರ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮಾರಾಟವಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಂತ್ರಿಗಳನ್ನು ಗೇಲಿ ಮಾಡುವ ಧೈರ್ಯದ ಅರ್ಧಪಾಲು ಲಂಕೇಶರದು, ಇನ್ನರ್ಧ ಆ ಚಿಲ್ಲರೆ ಕಾಸಿನದು ಎಂದು ನನ್ನ ನಂಬಿಕೆ. ಇವತ್ತು ಚಂದಾದ ಮೇಲೆ ನಿಂತಿರುವ 'ನ್ಯೂಸ್‌ಲಾಂಡ್ರಿ', ಓದುಗರ ನೆರವು ಕೇಳುವ ಬೆಂಗಳೂರಿನ 'ದಿ ನ್ಯೂಸ್ ಮಿನಿಟ್', ಕನ್ನಡದ 'ಈದಿನ' ಹಿಡಿದಿರುವುದು ಆ ದಾರಿಯನ್ನೇ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಈದಿನ ಹಳ್ಳಿ ಹಳ್ಳಿ ತಿರುಗಿ ಸಮೀಕ್ಷೆ ಮಾಡಿ ಕಾಂಗ್ರೆಸ್ಸಿಗೆ ನಿಚ್ಚಳ ಬಹುಮತ ಎಂದಾಗ ಟಿವಿಯವರು ಅತಂತ್ರದ ಕನಸು ಕಾಣುತ್ತಿದ್ದರು. ಬಂದದ್ದು 135 ಸೀಟು. ಹಳ್ಳಿ ತಿರುಗಲು ಬಸ್ ಚಾರ್ಜು ಬೇಕು. ಅದನ್ನು ಯಾರೋ ಕೊಟ್ಟಿದ್ದರು.

ಆದರೂ ಈ ದಾರಿಯ ಬಗ್ಗೆ ನನಗೊಂದು ಅಳುಕಿದೆ. ದುಡ್ಡು ಕೊಟ್ಟ ಓದುಗನೂ ಸಾಧುವಲ್ಲ. ಎಣ್ಣೆಯವನಿಗೆ ತನ್ನ ಎಣ್ಣೆಯ ಬಗ್ಗೆ ಕೆಟ್ಟದ್ದು ಬರೆಯದಿದ್ದರೆ ಸಾಕು. ಚಂದಾದಾರನಿಗೆ ತನ್ನ ಅಭಿಪ್ರಾಯ ದಿನವೂ ಗೆಲ್ಲಬೇಕು. ಒಂದು ದಿನ ಅವನ ಪಕ್ಷವನ್ನು ಚಿವುಟಿ ನೋಡಿ, ಚಂದಾ ನಿಲ್ಲುತ್ತದೆ. ಚಂದಾ ಕೊಡಲಾಗದವನ ಪಾಲಿಗೆ ಉಳಿಯುವುದು ಬಾವಲಿ ಮನುಷ್ಯರೇ.

ಈಗ ಇನ್ನೊಬ್ಬ ನೆಂಟ ಬಂದಿದ್ದಾನೆ. 2023ರಲ್ಲಿ ಕನ್ನಡದ ಒಂದು ಟಿವಿ ಚಾನೆಲ್ಲು ಎಐ ನಿರೂಪಕಿಯನ್ನು ಕೂರಿಸಿ ಸುದ್ದಿ ಓದಿಸಿತು. ಅಷ್ಟಾದರೆ ಚಿಂತೆಯಿರಲಿಲ್ಲ, ಸುದ್ದಿ ಓದುವವರು ಕೂಗಾಡದಿದ್ದರೆ ನಮಗೂ ನೆಮ್ಮದಿ. ಚಿಂತೆ ಏನೆಂದರೆ, ಗೂಗಲ್‌ಗೆ ಪ್ರಶ್ನೆ ಹಾಕಿದರೆ ಈಗ ಅದು ಎಲ್ಲರ ಸುದ್ದಿಯನ್ನೂ ತಾನೇ ಓದಿ, ಸಾರ ಹಿಂಡಿ, ಮೇಲ್ಗಡೆಯೇ ಉತ್ತರ ಕೊಡತೊಡಗಿದೆ. ಪೋರ್ಟಲ್ಲಿನ ಬಾಗಿಲವರೆಗೆ ಯಾರೂ ಬರಬೇಕಾಗಿಲ್ಲ. ನಮ್ಮ ಬರಹವನ್ನು ಕೇಳದೆ ಬಳಸಿದ್ದೀರಿ ಎಂದು 'ನ್ಯೂಯಾರ್ಕ್ ಟೈಮ್ಸ್' 2023ರಲ್ಲಿ, ಎಎನ್‌ಐ ಸುದ್ದಿಸಂಸ್ಥೆ ಮರುವರ್ಷ ದೆಹಲಿ ಹೈಕೋರ್ಟಿನಲ್ಲಿ ಓಪನ್‌ಎಐ ಮೇಲೆ ದಾವೆ ಹೂಡಿವೆ. "ಆರು ಪ್ಯಾರಾ ಎಳೆದದ್ದನ್ನ ಅದು ಒಂದು ಸಾಲಿಗೆ ಇಳಿಸಿಬಿಡುತ್ತೆ ಮಾವ" ಎಂದು ಸೋದರಳಿಯ ಗೋಳಾಡಿದ. ಅದು ಮೊದಲೇ ಒಂದು ಸಾಲು ಇತ್ತಲ್ಲ ಮಾರಾಯ ಎನ್ನಬೇಕೆನಿಸಿತು. ಸಂಬಳದ ವಿಷಯ, ಸುಮ್ಮನಾದೆ.

ಈ ಎಲ್ಲ ಯಂತ್ರಗಳೂ ಓದಬೇಕಾದರೆ ಮೊದಲು ಯಾರಾದರೂ ಮಾರುಕಟ್ಟೆಗೆ ಹೋಗಿ ಧಾರಣೆ ಬರೆದುಕೊಳ್ಳಬೇಕಷ್ಟೆ. ನಮ್ಮ ತಾಲ್ಲೂಕಿನಲ್ಲಿ ಆ ಕೆಲಸ ಮಾಡುತ್ತಿದ್ದವರು ಒಬ್ಬ ಅರೆಕಾಲಿಕ ವರದಿಗಾರರು. ಪತ್ರಿಕೆ ಕೊಡುತ್ತಿದ್ದ ಸಂಭಾವನೆ ಪೆಟ್ರೋಲಿಗೂ ಸಾಲದು. ವಿಶೇಷ ಪುರವಣಿ ಬಂದಾಗ ಜಾಹೀರಾತು ತಂದುಕೊಟ್ಟರೆ ಕಮಿಷನ್ನು. ಈಗ ಅವರು ಪತ್ರಿಕೆ ಬಿಟ್ಟು ವಾಟ್ಸಾಪಿನಲ್ಲಿ ತಮ್ಮದೇ ಚಾನೆಲ್ ಮಾಡಿಕೊಂಡಿದ್ದಾರೆ. ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೆ, ಘಾಟಿಯಲ್ಲಿ ಮರ ಬಿದ್ದಿದೆಯೇ, ರಾಶಿ ಎಷ್ಟು, ಯಾರು ತೀರಿಕೊಂಡರು, ಎಲ್ಲವೂ ಒಂದೊಂದೇ ಸಾಲು. ಊರೆಲ್ಲ ಓದುತ್ತದೆ. ಡಿಜಿಟಲ್ ಮಾಧ್ಯಮಕ್ಕೂ ಜಾಹೀರಾತು ಕೊಡಲು ರಾಜ್ಯ ಸರ್ಕಾರ 2024ರಲ್ಲಿ ನಿಯಮ ಮಾಡಿದೆಯಂತೆ, ನಿಮಗೂ ಸಿಗಬಹುದಲ್ಲ ಎಂದೆ. ಅದೆಲ್ಲ ದೊಡ್ಡವರಿಗೆ ಸ್ವಾಮಿ ಎಂದರು. ಅವರಿಗೆ ಒಂದು ಚಿನ್ನದಂಗಡಿ, ಒಂದು ಕಲ್ಯಾಣಮಂಟಪ, ಒಂದು ಗೊಬ್ಬರದ ಅಂಗಡಿ ಇವೆ, ಹೇಗೋ ನಡೆಯುತ್ತದೆ. ಅತಿ ಹೆಚ್ಚು ದುಡ್ಡು ಹುಟ್ಟುವುದು ಶಾಸಕರ ಹುಟ್ಟುಹಬ್ಬಕ್ಕೆ. ಅದು ವರ್ಷಕ್ಕೆ ಒಂದೇ ಸಲ ಬರುತ್ತದೆ ಎಂಬುದೊಂದೇ ಅವರ ದೂರು.